ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಹಳೆಯ ಮಾನಿಟರ್: ಯಾವ ಪೋರ್ಟ್‌ಗೆ ಯಾವ ಕೇಬಲ್?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಕೇಂದ್ರವಿದೆ. ಹಳೆಯ ಕಂಪ್ಯೂಟರ್ ಕೆಟ್ಟುಹೋದ ಕಾರಣ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸದನ್ನು ಜೋಡಿಸಿಕೊಂಡು ಬಂದೆವು. ಅದರ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ ಇವೆ. ನಮ್ಮಲ್ಲಿರುವ ಮಾನಿಟರ್‌ಗಳು ಮೂರು: ವಿಜಿಎ ಮಾತ್ರ ಇರುವ 17 ಇಂಚಿನ ಹಳೆಯ ಚೌಕ ಮಾನಿಟರ್, ಡಿವಿಐ ಮತ್ತು ವಿಜಿಎ ಇರುವ 24 ಇಂಚಿನ 1920×1200 ಮಾನಿಟರ್, ಈಚೆಗೆ ಕೊಂಡ 27 ಇಂಚಿನ 4ಕೆ ಮಾನಿಟರ್. 24 ಇಂಚಿನದು ಎಚ್‌ಡಿಎಂಐ–ಡಿವಿಐ ಅಡಾಪ್ಟರ್ ಮೂಲಕ ಚೆನ್ನಾಗಿ ನಡೆಯುತ್ತಿದೆ. 4ಕೆ ಮಾನಿಟರನ್ನು ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಹಾಕಿ ಜೋಡಿಸಿದ್ದೇವೆ. 30 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 30 ಚಿತ್ರಗಳಿಗಿಂತ, ಮೇಲೆ ಹೋಗುತ್ತಿಲ್ಲ, ಮೌಸ್ ತಡವರಿಸುತ್ತದೆ. 17 ಇಂಚಿನದಕ್ಕೆ ಹಳೆಯ ಕಾರ್ಡ್‌ನೊಡನೆ ಬಂದಿದ್ದ ಡಿವಿಐ–ವಿಜಿಎ ಪ್ಲಗ್ಗನ್ನು ಎಚ್‌ಡಿಎಂಐ–ಡಿವಿಐ ಅಡಾಪ್ಟರ್‌ಗೆ ಸಿಕ್ಕಿಸಿ ನೋಡಿದೆವು, ಆನ್‌ಲೈನ್‌ನಲ್ಲಿ ತರಿಸಿದ ಎಚ್‌ಡಿಎಂಐ–ವಿಜಿಎ ಕೇಬಲ್ಲನ್ನೂ ನೋಡಿದೆವು. ಎರಡರಲ್ಲೂ ‘ನೋ ಸಿಗ್ನಲ್’ ಎಂದಷ್ಟೇ ಬಂತು. ದೋಷ ಕಾರ್ಡ್‌ನದೇ? ಮೂರನ್ನೂ ಒಟ್ಟಿಗೆ ನಡೆಸಲು ಏನು ಕೊಳ್ಳಬೇಕು?

ಉತ್ತರ: ನಿಮ್ಮ ಕಾರ್ಡ್‌ನಲ್ಲಿ ದೋಷವಿದೆ ಎನ್ನಲು ನೀವು ಬರೆದುದರಲ್ಲಿ ಯಾವ ಆಧಾರವೂ ಇಲ್ಲ. ಮಾನಿಟರ್‌ಗಳೂ ಸರಿಯಾಗಿರುವಂತೆಯೇ ತೋರುತ್ತವೆ. 24 ಇಂಚಿನದನ್ನು ಈಗಿರುವಂತೆಯೇ ಎಚ್‌ಡಿಎಂಐ ಪೋರ್ಟ್‌ನಲ್ಲಿ ಬಿಡಿ. 4ಕೆ ಮಾನಿಟರ್‌ನ ಹಿಂದೆ ಡಿಸ್‌ಪ್ಲೇಪೋರ್ಟ್ ಖಂಡಿತ ಇರುತ್ತದೆಯೆಂಬ ಭರವಸೆಯಿಂದ ಹೇಳುತ್ತಿದ್ದೇನೆ, ನಡುವಿನ ಅಡಾಪ್ಟರ್ ತೆಗೆದು ಎರಡು ತುದಿಯಲ್ಲೂ ಡಿಸ್‌ಪ್ಲೇಪೋರ್ಟ್ ಇರುವ ನೇರ ಕೇಬಲ್ ಹಾಕಿ. ಅಂಥ ಕೇಬಲ್ ಮಾನಿಟರ್‌ನ ಪೆಟ್ಟಿಗೆಯಲ್ಲೇ ಇದ್ದಿರಬಹುದು, ಮೊದಲು ಅಲ್ಲಿ ಹುಡುಕಿ. 17 ಇಂಚಿನದಕ್ಕೆ ಒಳಗೆ ಚಿಪ್ ಇರುವ ಡಿಸ್‌ಪ್ಲೇಪೋರ್ಟ್–ವಿಜಿಎ ಅಡಾಪ್ಟರ್ ಒಂದನ್ನು ಕೊಳ್ಳಿ. ಅಷ್ಟರಿಂದ ಮೂರೂ ಒಟ್ಟಿಗೆ ನಡೆಯುತ್ತವೆ, ಒಂದು ಡಿಸ್‌ಪ್ಲೇಪೋರ್ಟ್ ಖಾಲಿಯೂ ಉಳಿಯುತ್ತದೆ. ಇನ್ನು ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಎರಡು ತೊಂದರೆಗಳ ಬೇರೂ ಒಂದೇ: ಪ್ಲಗ್ ಪೋರ್ಟ್‌ನಲ್ಲಿ ಕೂತಿತೆಂದರೆ ಚಿತ್ರವೂ ದಾಟುತ್ತದೆ ಎಂದು ನಾವೆಲ್ಲ ನಂಬಿಬಿಡುತ್ತೇವೆ.

ಮೊದಲು ಆ ಹಳೆಯ ಡಿವಿಐ–ವಿಜಿಎ ಪ್ಲಗ್ಗಿನ ವಿಷಯ. ವಿಜಿಎ 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರ್‌ಗಳೊಂದಿಗೆ ಬಂದದ್ದು. ಅದು ಅನಲಾಗ್ ಪದ್ಧತಿ: ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ಪ್ರತಿ ತಂತಿಯಲ್ಲಿ ಸೊನ್ನೆಯಿಂದ 0.7 ವೋಲ್ಟ್‌ವರೆಗೆ ಏರಿಳಿಯುವ ವೋಲ್ಟೇಜು, ಆ ಏರಿಳಿತವೇ ಬಣ್ಣದ ಪ್ರಮಾಣ. 1999ರಲ್ಲಿ ಡಿವಿಐ ಬಂದಾಗ ಜನರ ಮೇಜುಗಳ ಮೇಲಿದ್ದವು ಬಹುಪಾಲು ವಿಜಿಎ ಮಾನಿಟರ್‌ಗಳೇ ಆದ್ದರಿಂದ, ಡಿವಿಐ–ಐ ಎಂಬ ಬಗೆಯ ಪೋರ್ಟ್‌ನಲ್ಲಿ ಡಿಜಿಟಲ್ ಸಂಕೇತದ ಪಕ್ಕದಲ್ಲೇ ಅನಲಾಗ್ ಸಂಕೇತವನ್ನೂ ಹೊರಗೆ ಕೊಡುವ ವ್ಯವಸ್ಥೆ ಮಾಡಿದರು. ನಿಮ್ಮ ಹಳೆಯ ಕಾರ್ಡ್‌ನ ಡಿವಿಐ ಪೋರ್ಟನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಪಕ್ಕದಲ್ಲಿ ಅಗಲವಾದ ಚಪ್ಪಟೆ ಸೀಳು ಕಾಣುತ್ತದೆ. ಅದರ ಮೇಲೆ ಎರಡು, ಕೆಳಗೆ ಎರಡು ಸಣ್ಣ ತೂತುಗಳಿದ್ದರೆ ಅದು ಡಿವಿಐ–ಐ. ಅನಲಾಗ್ ಚಿತ್ರ ಹೊರಬರುತ್ತಿದ್ದುದು ಆ ನಾಲ್ಕು ತೂತು ಮತ್ತು ಆ ಸೀಳಿನ ಮೂಲಕ. ಆ ಪ್ಲಗ್ಗು ಯಾವ ಪರಿವರ್ತನೆಯನ್ನೂ ಮಾಡುತ್ತಿರಲಿಲ್ಲ. ಕಾರ್ಡ್ ತಾನೇ ಸಿದ್ಧಪಡಿಸಿದ ಅನಲಾಗ್ ಸಂಕೇತವನ್ನು ಈ ಕಡೆಯ ಪಿನ್ನಿನಿಂದ ಆ ಕಡೆಯ ಪಿನ್ನಿಗೆ ತಲುಪಿಸುತ್ತಿತ್ತು, ಅಷ್ಟೆ.

ಆ ಸಂಕೇತವನ್ನು ಸಿದ್ಧಪಡಿಸುವ ಭಾಗವೇ ಹೊಸ ಕಾರ್ಡ್‌ಗಳಲ್ಲಿ ಇಲ್ಲ. 2010ರ ಡಿಸೆಂಬರ್‌ನಲ್ಲಿ ಇಂಟೆಲ್, ಎಎಂಡಿ ಹಾಗೂ ಕೆಲವು ಕಂಪ್ಯೂಟರ್ ಮತ್ತು ಪರದೆ ತಯಾರಕರು ಸೇರಿ, 2015ರ ಹೊತ್ತಿಗೆ ವಿಜಿಎಯನ್ನು ಕೈಬಿಡುವುದಾಗಿ ಪ್ರಕಟಿಸಿದ್ದರು. ಎಎಂಡಿ 2013ರಲ್ಲಿ ತಂದ ಆರ್9 290 ಕಾರ್ಡ್‌ನಲ್ಲೂ, ಎನ್‌ವಿಡಿಯಾ 2016ರಲ್ಲಿ ತಂದ ಜಿಟಿಎಕ್ಸ್ 1080ರಲ್ಲೂ ಡಿವಿಐ ಪೋರ್ಟ್ ಉಳಿದಿತ್ತು, ಆದರೆ ಅದು ಡಿವಿಐ–ಡಿ, ಅಂದರೆ ಬರೀ ಡಿಜಿಟಲ್. ಸೀಳಿನ ಸುತ್ತ ನಾಲ್ಕು ತೂತುಗಳಿಲ್ಲ. ನಿಮ್ಮ ಕಾರ್ಡ್‌ನ ಪೀಳಿಗೆಗೆ ಬರುವಷ್ಟರಲ್ಲಿ ಆ ಪೋರ್ಟೂ ಹೋಗಿದೆ. ನೀವು ಬಳಸಿದ ಎಚ್‌ಡಿಎಂಐ–ಡಿವಿಐ ಅಡಾಪ್ಟರ್‌ನಲ್ಲಿ ಹಳೆಯ ಪ್ಲಗ್ಗು ಕೂತಿತೆಂದರೆ ಅದರ ಮುಖದಲ್ಲಿ ಆ ನಾಲ್ಕು ತೂತುಗಳಿವೆ ಎಂದಾಯಿತು. ಆದರೆ ತೂತುಗಳ ಹಿಂದೆ ತಂತಿ ಇರುವುದಿಲ್ಲ, ಏಕೆಂದರೆ ಎಚ್‌ಡಿಎಂಐಯ 19 ಪಿನ್‌ಗಳಲ್ಲಿ ಅನಲಾಗ್ ಚಿತ್ರಕ್ಕೆಂದು ಒಂದೂ ಇಲ್ಲ. ಎಲ್ಲ ಬಗೆಯ ಡಿವಿಐ ಪ್ಲಗ್ಗೂ ಕೂರಲೆಂದು ತಯಾರಕರು ತೂತು ಬಿಟ್ಟಿರುತ್ತಾರೆ, ಕೊಳ್ಳುವವರು ಮೋಸಹೋಗುತ್ತಾರೆ. ಈ ಅಭ್ಯಾಸ ನನಗೆ ಬಹಳ ಬೇಸರ ತರಿಸುವಂಥದ್ದು.

ಎಚ್‌ಡಿಎಂಐ–ವಿಜಿಎ ಕೇಬಲ್ಲಿನ ಕಥೆಯೂ ಇದೇ. ಎರಡು ತುದಿಯ ಪ್ಲಗ್ಗುಗಳೂ ಸಾಮಾನ್ಯ ಗಾತ್ರದವಾಗಿದ್ದು ನಡುವೆ ಎಲ್ಲೂ ಉಬ್ಬಿದ ಪೆಟ್ಟಿಗೆ ಇಲ್ಲದಿದ್ದರೆ ಅದರೊಳಗೆ ಚಿಪ್ ಇರುವ ಸಂಭವ ತೀರಾ ಕಡಿಮೆ. ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ ಚಿಪ್ ಇಲ್ಲದೆ, ವಿದ್ಯುತ್ ಇಲ್ಲದೆ, ವಿಜಿಎ ಮಾನಿಟರ್‌ನಲ್ಲಿ ಚಿತ್ರ ಮೂಡಲು ಸಾಧ್ಯವೇ ಇಲ್ಲ. ಆ ಕೇಬಲ್ಲನ್ನು ಹಿಂದಿರುಗಿಸಿಬಿಡಿ. ಚಿಪ್ ಇರುವ ಅಡಾಪ್ಟರ್‌ಗೆ ಅಂಗಡಿಯವರು ‘ಆಕ್ಟಿವ್’ ಎನ್ನುತ್ತಾರೆ, ಬರೀ ತಂತಿಯದಕ್ಕೆ ‘ಪ್ಯಾಸಿವ್’. ಎಚ್‌ಡಿಎಂಐನಿಂದ ವಿಜಿಎ ಮಾಡುವ ಆಕ್ಟಿವ್ ಅಡಾಪ್ಟರ್‌ಗಳೂ ಸಿಗುತ್ತವೆ, ಆದರೂ ನಿಮಗೆ ಡಿಸ್‌ಪ್ಲೇಪೋರ್ಟ್‌ನಿಂದ ವಿಜಿಎ ಮಾಡುವುದನ್ನೇ ಕೊಳ್ಳಲು ಹೇಳಿದ್ದಕ್ಕೆ ಎರಡು ಕಾರಣಗಳಿವೆ. ನಿಮ್ಮಲ್ಲಿ ಎಚ್‌ಡಿಎಂಐ ಪೋರ್ಟ್ ಒಂದೇ ಇದೆ, ಅದಕ್ಕೆ ಬೇರೆ ಕೆಲಸವಿದೆ. ಎರಡನೆಯದು ವಿದ್ಯುತ್ತಿನದು: ಎಚ್‌ಡಿಎಂಐಯ 5 ವೋಲ್ಟ್ ಪಿನ್ನಿನಿಂದ ಕನಿಷ್ಠ 55 ಮಿಲಿ ಆಂಪಿಯರ್ ಕೊಡಬೇಕೆಂಬುದಷ್ಟೇ ನಿಯಮ, ಹಲವು ಚಿಪ್‌ಗಳಿಗೆ ಅದು ಸಾಲದು, ಅದಕ್ಕೇ ಕೆಲವು ಎಚ್‌ಡಿಎಂಐ–ವಿಜಿಎ ಅಡಾಪ್ಟರ್‌ಗಳಿಗೆ ಪಕ್ಕದಲ್ಲಿ ಯುಎಸ್‌ಬಿ ತಂತಿ ಸಿಕ್ಕಿಸುವ ಕಿಂಡಿ ಇರುತ್ತದೆ. ಡಿಸ್‌ಪ್ಲೇಪೋರ್ಟ್‌ನ 20ನೆಯ ಪಿನ್ನು 3.3 ವೋಲ್ಟ್‌ನಲ್ಲಿ 500 ಮಿಲಿ ಆಂಪಿಯರ್ ಕೊಡುವಂಥದ್ದು, ಅಡಾಪ್ಟರ್‌ಗಳಿಗೆಂದೇ ಇಟ್ಟದ್ದು. ಗಂಟೆಗಟ್ಟಲೆ ನಡೆದ ಮೇಲೆ ಚಿತ್ರ ಮಿಣುಕುವ ರಗಳೆ ಇದರಲ್ಲಿ ಕಡಿಮೆ.

ಕೊಳ್ಳುವಾಗ ದಿಕ್ಕನ್ನು ಮರೆಯಬೇಡಿ. ವಿಜಿಎ ಇರುವ ಹಳೆಯ ಕಂಪ್ಯೂಟರನ್ನು ಎಚ್‌ಡಿಎಂಐ ಟಿವಿಗೆ ಜೋಡಿಸುವ ಅಡಾಪ್ಟರ್ ಕೂಡ ನೋಡಲು ಹೀಗೆಯೇ ಇರುತ್ತದೆ, ಹೆಸರಿನಲ್ಲಿ ಎರಡು ಪದಗಳ ಸ್ಥಾನ ಅದಲುಬದಲಾಗಿರುತ್ತದೆ, ಅಷ್ಟೆ. ಅದನ್ನು ತಂದರೆ ನಿಮಗೆ ಯಾವ ಉಪಯೋಗವೂ ಇಲ್ಲ. ಡಿಸ್‌ಪ್ಲೇಪೋರ್ಟ್–ಎಚ್‌ಡಿಎಂಐ ಕೇಬಲ್ಲುಗಳೂ ಹಾಗೆಯೇ: ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ ಇದ್ದರೆ ಮಾತ್ರ ನಡೆಯುತ್ತವೆ. ತಿರುಗಿಸಿ ಹಾಕಿದರೆ ಇಲ್ಲ.

ವಿಜಿಎ ಮಾನಿಟರ್ ಮೂಡಿ ನಿಂತ ಮೇಲೆ ಒಂದು ಸಣ್ಣ ಕೆಲಸ ಮಾಡಿ. ರೆಸಲ್ಯೂಷನ್ನನ್ನು ಅದರ ಸಹಜ ಅಳತೆಯಾದ 1280×1024ಕ್ಕೆ, ರಿಫ್ರೆಶ್ ರೇಟನ್ನು 60 ಹರ್ಟ್ಸ್‌ಗೆ ಇಡಿ. ಬಿಳಿ ಹಿನ್ನೆಲೆಯ ಮೇಲೆ ಸಣ್ಣ ಅಕ್ಷರದ ಕನ್ನಡ ಪುಟವೊಂದನ್ನು ಪರದೆ ತುಂಬ ತೆರೆದು, ಮಾನಿಟರ್‌ನ ‘ಆಟೋ’ ಗುಂಡಿಯನ್ನು ಒತ್ತಿ. ಎಲ್‌ಸಿಡಿ ಮಾನಿಟರ್ ಅನಲಾಗ್ ಸಂಕೇತವನ್ನು ಮತ್ತೆ ಅಳೆದು ಪಿಕ್ಸೆಲ್‌ಗಳಾಗಿ ಬಿಡಿಸಿಕೊಳ್ಳಬೇಕು. ಎಲ್ಲಿ ಅಳೆಯಬೇಕೆಂಬ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ‘ಕ್ಷ್ಮ’, ‘ಷ್ಟ್ರ’ಗಳ ಒತ್ತುಗಳ ಪಕ್ಕದಲ್ಲಿ ನೆರಳು ಬೀಳುತ್ತದೆ. ಖಾಲಿ ಡೆಸ್ಕ್‌ಟಾಪ್ ಇಟ್ಟು ಆಟೋ ಒತ್ತಿದರೆ ಅದಕ್ಕೆ ಅಳೆಯಲು ಅಂಚುಗಳೇ ಸಿಗುವುದಿಲ್ಲ, ಅಕ್ಷರ ತುಂಬಿದ ಪುಟ ಬೇಕಾಗುವುದು ಅದಕ್ಕೇ. ಪಟ್ಟಿಯಲ್ಲಿ 1280×1024 ಕಾಣದೆ 1024×768ಕ್ಕೇ ನಿಂತರೆ ವಿಜಿಎ ಕೇಬಲ್ಲಿನ ಪಿನ್ನುಗಳನ್ನು ನೋಡಿ. ಮಾನಿಟರ್ ತನ್ನ ಅಳತೆಯನ್ನು ತಿಳಿಸುವುದು 12 ಮತ್ತು 15ನೆಯ ಪಿನ್ನುಗಳ ಮೂಲಕ. ಅಗ್ಗದ ಕೇಬಲ್ಲುಗಳಲ್ಲಿ ಆ ತಂತಿಗಳನ್ನೇ ಎಳೆದಿರುವುದಿಲ್ಲ. 9ನೆಯ ಪಿನ್ನು ಇಲ್ಲದಿದ್ದರೆ ಗಾಬರಿ ಬೇಡ, ಅದು ಬಹಳಷ್ಟು ಕೇಬಲ್ಲುಗಳಲ್ಲಿ ಇರುವುದೇ ಇಲ್ಲ.

24 ಇಂಚಿನ ಮಾನಿಟರ್ ಏಕೆ ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ ಎಂಬುದನ್ನು ನೋಡಿದರೆ ಉಳಿದದ್ದೂ ತಿಳಿಯಾಗುತ್ತದೆ. 2002ರ ಕೊನೆಯಲ್ಲಿ ಬಂದ ಎಚ್‌ಡಿಎಂಐ, ಚಿತ್ರದ ಮಟ್ಟಿಗೆ ಡಿವಿಐಯ ಡಿಜಿಟಲ್ ಸಂಕೇತವನ್ನೇ ತೆಗೆದುಕೊಂಡು ಅದಕ್ಕೆ ಧ್ವನಿಯನ್ನು ಸೇರಿಸಿತು. ಎರಡರ ಮಾತೂ ಒಂದೇ ಆದ್ದರಿಂದ ನಡುವೆ ದುಭಾಷಿ ಬೇಕಿಲ್ಲ. ಬರೀ ತಂತಿಯ ಅಡಾಪ್ಟರ್ ಸಾಕು, ಅದು ಎರಡು ದಿಕ್ಕಿಗೂ ನಡೆಯುತ್ತದೆ. ಒಂಟಿ ಲಿಂಕ್‌ನ ಡಿವಿಐ ಸೆಕೆಂಡಿಗೆ 16.5 ಕೋಟಿ ಪಿಕ್ಸೆಲ್‌ಗಳನ್ನು ಸಾಗಿಸಬಲ್ಲದು. 1920×1200ಕ್ಕೆ 60 ಹರ್ಟ್ಸ್‌ನಲ್ಲಿ, ಪಿಕ್ಸೆಲ್ ಸಾಲುಗಳ ನಡುವಿನ ಬಿಡುವನ್ನು ಕಿರಿದುಗೊಳಿಸಿದರೆ, 15.4 ಕೋಟಿ ಸಾಕು. ಹೊಂದಿಕೆ ಸರಿಯಾಗಿದೆ. ಆ ಮಾನಿಟರ್ 2560×1600ರ 30 ಇಂಚಿನದಾಗಿದ್ದರೆ ಎರಡು ಲಿಂಕ್‌ನ ಡಿವಿಐ ಬೇಕಾಗುತ್ತಿತ್ತು, ನಿಮ್ಮ ಸರಳ ಅಡಾಪ್ಟರ್ ಅಲ್ಲಿ ಸೋಲುತ್ತಿತ್ತು. ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ದುಬಾರಿ ಆಕ್ಟಿವ್ ಅಡಾಪ್ಟರ್ ಕೊಳ್ಳಬೇಕಾಗುತ್ತಿತ್ತು. ನಿಮಗೆ ಆ ಖರ್ಚಿಲ್ಲ.

ಈಗ 4ಕೆ ಮಾನಿಟರ್‌ಗೆ ಬರೋಣ. ಇಲ್ಲಿ ಸಂಕೇತ ದಾಟುತ್ತಿದೆ, ಆದರೆ ದಾರಿ ಕಿರಿದು. ಡಿಸ್‌ಪ್ಲೇಪೋರ್ಟ್ 2006ರಲ್ಲಿ ವೆಸಾ ಎಂಬ, ಪರದೆಗಳ ಮಾನದಂಡ ನಿಗದಿ ಮಾಡುವ ಸಂಸ್ಥೆ ರೂಪಿಸಿದ ಬೇರೆಯೇ ಪದ್ಧತಿ. ಅದು ಚಿತ್ರವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳಿಸುತ್ತದೆ, ಎಚ್‌ಡಿಎಂಐ ಹಾಗಲ್ಲ. ಹೀಗಿದ್ದೂ ಸರಳ ಅಡಾಪ್ಟರ್ ನಡೆಯುವುದು ಹೇಗೆಂದರೆ, ಅಂಥ ಅಡಾಪ್ಟರ್ ಸಿಕ್ಕಿಸಿದ್ದನ್ನು ಗುರುತಿಸಿದ ಕಾರ್ಡ್ ಆ ಪೋರ್ಟ್‌ನಿಂದ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ನಿಲ್ಲಿಸಿ ಎಚ್‌ಡಿಎಂಐ ಬಗೆಯ ಸಂಕೇತವನ್ನೇ ಕಳಿಸಲು ತೊಡಗುತ್ತದೆ. ಅಡಾಪ್ಟರ್ ವೋಲ್ಟೇಜಿನ ಮಟ್ಟವನ್ನಷ್ಟೇ ಸರಿಪಡಿಸುತ್ತದೆ. ಹೀಗೆ ಎರಡು ಮಾತನ್ನೂ ಆಡಬಲ್ಲ ಪೋರ್ಟ್‌ಗೆ ಡಿಪಿ ಪ್ಲಸ್ ಪ್ಲಸ್ ಎಂಬ ಗುರುತಿರುತ್ತದೆ. ಎಚ್‌ಡಿಎಂಐ ಪೋರ್ಟ್‌ಗೆ ಈ ಎರಡನೆಯ ಮಾತು ಬಾರದು, ಆದ್ದರಿಂದಲೇ ತಿರುಗಿಸಿ ಹಾಕಿದ ಕೇಬಲ್ ಸುಮ್ಮನಿರುತ್ತದೆ.

ಇಂಥ ಸರಳ ಅಡಾಪ್ಟರ್‌ಗಳ ಮಿತಿ ಹಳೆಯ ಬಗೆಯಲ್ಲಿ 165 ಮೆಗಾಹರ್ಟ್ಸ್, ಅನಂತರದ ಬಗೆಯಲ್ಲಿ 300 ಮೆಗಾಹರ್ಟ್ಸ್. ಲೆಕ್ಕ ಹಾಕಿ ನೋಡಿ. ಎಚ್‌ಡಿಎಂಐ ಪದ್ಧತಿಯಲ್ಲಿ 3840×2160 ಚಿತ್ರಕ್ಕೆ ಅಂಚಿನ ಬಿಡುವೂ ಸೇರಿ 4400×2250 ಪಿಕ್ಸೆಲ್‌ಗಳ ಜಾಗ ಬೇಕು. ಸೆಕೆಂಡಿಗೆ 30 ಬಾರಿಯಾದರೆ 29.7 ಕೋಟಿ, ಅಂದರೆ 297 ಮೆಗಾಹರ್ಟ್ಸ್. 300ರ ಮಿತಿಯೊಳಗೆ ಹೇಗೋ ಹಿಡಿಸುತ್ತದೆ. 60 ಬಾರಿಯಾದರೆ 594. ನಿಮ್ಮ ಮಾನಿಟರ್ ಸರಿಯಾಗಿ 30ಕ್ಕೆ ಬಂದು ನಿಂತದ್ದು ಈ ಕಾರಣಕ್ಕೆ. 594 ಮೆಗಾಹರ್ಟ್ಸ್ ಅನ್ನು ಪಿಕ್ಸೆಲ್‌ಗೆ 24 ಬಿಟ್‌ನಂತೆ ಗುಣಿಸಿ, ಸಾಗಣೆಗಾಗಿ ಪ್ರತಿ 8 ಬಿಟ್‌ಗೆ 2 ಬಿಟ್ ಕೂಡಿಸಿದರೆ ಸೆಕೆಂಡಿಗೆ 17.82 ಗಿಗಾಬಿಟ್ ಆಗುತ್ತದೆ. 2013ರಲ್ಲಿ ಬಂದ ಎಚ್‌ಡಿಎಂಐ 2.0ಕ್ಕೆ 18 ಗಿಗಾಬಿಟ್ ಎಂದು ನಿಗದಿ ಮಾಡಿದ್ದರ ಹಿಂದೆ ಈ ಲೆಕ್ಕವಿದೆ. ನೇರ ಡಿಸ್‌ಪ್ಲೇಪೋರ್ಟ್‌ನಲ್ಲಿ ಈ ಇಕ್ಕಟ್ಟೇ ಇಲ್ಲ. ನಿಮ್ಮ ಕಾರ್ಡ್‌ನ 1.4 ಆವೃತ್ತಿ ಚಿತ್ರಕ್ಕೆಂದೇ ಸೆಕೆಂಡಿಗೆ 25.92 ಗಿಗಾಬಿಟ್ ಒದಗಿಸುತ್ತದೆ, 60 ಹರ್ಟ್ಸ್‌ನ 4ಕೆಗೆ ಸುಮಾರು 13 ಸಾಕು.

ನೇರ ಕೇಬಲ್ ಹಾಕಿದ ಮೇಲೂ 30ರಲ್ಲೇ ಉಳಿದರೆ ಮಾನಿಟರ್‌ನ ಸ್ವಂತ ಮೆನು ತೆರೆದು, ಡಿಸ್‌ಪ್ಲೇಪೋರ್ಟ್ ಆವೃತ್ತಿ 1.1 ಎಂದಿದ್ದರೆ 1.2 ಅಥವಾ 1.4ಕ್ಕೆ ಬದಲಿಸಿ. ಬಳಿಕ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ 60 ಹರ್ಟ್ಸ್ ಆರಿಸಿ. ಅದು ಯಾವಾಗಲೂ ತಾನಾಗಿ ಬದಲಾಗುವುದಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಣ್ಣದ ಬಗೆ ಆರ್‌ಜಿಬಿ ಎಂದೂ ವ್ಯಾಪ್ತಿ ‘ಫುಲ್’ ಎಂದೂ ಇದೆಯೇ ನೋಡಿ. ಅಕ್ಷರ ಜೋಡಿಸುವ ನಿಮ್ಮಂಥವರಿಗೆ ಇದು ಮುಖ್ಯವಾದ ಮಾತು. ಕಿರಿದಾದ ದಾರಿಯಲ್ಲಿ 60 ಹರ್ಟ್ಸ್ ತುರುಕಲು ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಳಿಸುವ 4:2:0 ಎಂಬ ಉಪಾಯವಿದೆ, ಚಲನಚಿತ್ರ ನೋಡುವಾಗ ಅದು ಕಣ್ಣಿಗೆ ಬೀಳುವುದಿಲ್ಲ; ಆದರೆ ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರದ ಮದುವೆ ಆಮಂತ್ರಣವನ್ನು ತೆರೆದು ನೋಡಿ, ಒತ್ತಕ್ಷರಗಳೂ ಗುಡಿಸುಗಳೂ ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ ಕಾಣುತ್ತವೆ. ಆಮೇಲೆ ನಮ್ಮ ಜನ ಫಾಂಟನ್ನು ಬೈಯುತ್ತಾರೆ.

ಡಿಸ್‌ಪ್ಲೇಪೋರ್ಟ್ ಕೇಬಲ್ ಕೊಳ್ಳಲೇಬೇಕಾದರೆ 2 ಮೀಟರಿಗಿಂತ ಉದ್ದದ್ದು ಬೇಡ, ವೆಸಾ ಪ್ರಮಾಣೀಕರಿಸಿದ ಕೇಬಲ್ ತೆಗೆದುಕೊಳ್ಳಿ. ಇದನ್ನು ಒತ್ತಿ ಹೇಳುವುದಕ್ಕೆ ನನ್ನದೇ ಅನುಭವವಿದೆ. ಮುದ್ರಣಾಲಯವೊಂದರ ಕಂಪ್ಯೂಟರ್ ರಾತ್ರಿ ಆಫ್ ಮಾಡಿದರೆ ಬೆಳಿಗ್ಗೆ ಏಳುತ್ತಿರಲಿಲ್ಲ; ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಕಪ್ಪಾಗಿಯೇ ಇರುತ್ತಿತ್ತು. ಪವರ್ ಸಪ್ಲೈ ಬದಲಾಯಿತು, ರ್‍ಯಾಮ್ ಬದಲಾಯಿತು. ಕೊನೆಗೆ ಮಾನಿಟರ್‌ನ ಕೇಬಲ್ ಕಿತ್ತಾಗ ಕಂಪ್ಯೂಟರ್ ಮೊದಲ ಸಲಕ್ಕೇ ಎದ್ದಿತು. ಆಗಲೇ ಹೇಳಿದ 20ನೆಯ ಪಿನ್ನು ಅಡಾಪ್ಟರ್‌ಗಳಿಗೆ ವಿದ್ಯುತ್ ಕೊಡಲು ಇರುವುದು. ನೇರ ಕೇಬಲ್ಲಿನಲ್ಲಿ ಆ ಎರಡು ತುದಿಗಳನ್ನು ಕೂಡಿಸಬಾರದೆಂದು ನಿಯಮವಿದೆ. ಆ ಅಗ್ಗದ ಕೇಬಲ್ಲಿನಲ್ಲಿ ಕೂಡಿಸಿದ್ದರು. ಇಡೀ ರಾತ್ರಿ ಮಾನಿಟರ್‌ನ 3.3 ವೋಲ್ಟ್ ಹಿಮ್ಮುಖವಾಗಿ ಕಾರ್ಡ್‌ಗೆ ಹರಿದು, ಕಾರ್ಡ್ ಪೂರ್ತಿ ಆರದೆ, ಬೆಳಿಗ್ಗೆ ಹೊಸದಾಗಿ ಶುರುವಾಗದೆ ಕೂರುತ್ತಿತ್ತು. ಮುದ್ರಣಾಲಯದವರು ಮೂರು ವಾರ ಕೆಲಸ ಕೆಡಿಸಿಕೊಂಡದ್ದು ಒಂದು ಕೇಬಲ್ಲಿನಿಂದ.

ಕೇಬಲ್ ತೆಗೆಯುವಾಗ ಇನ್ನೊಂದು ಎಚ್ಚರ. ಡಿಸ್‌ಪ್ಲೇಪೋರ್ಟ್ ಪ್ಲಗ್ಗಿಗೆ ಒಂದು ಮೂಲೆ ಮಾತ್ರ ಕತ್ತರಿಸಿದಂತಿರುತ್ತದೆ, ಬಹಳಷ್ಟಕ್ಕೆ ಮೇಲೆ ಒತ್ತುವ ಗುಂಡಿ ಇರುತ್ತದೆ; ಅದನ್ನು ಒತ್ತಿ ಹಿಡಿಯದೆ ಎಳೆದರೆ ಒಳಗಿನ ಕೊಕ್ಕೆ ಪೋರ್ಟನ್ನೇ ಕಿತ್ತುಕೊಂಡು ಬರುತ್ತದೆ. ವಿಜಿಎ ತಿರುಪನ್ನು ಬಿಚ್ಚಿ ಅಭ್ಯಾಸವಾದ ಕೈಗೆ ಇದು ನೆನಪಿರುವುದಿಲ್ಲ. ಮೂರು ಕೇಬಲ್ಲುಗಳೂ ಕಂಪ್ಯೂಟರ್‌ನ ಹಿಂಬದಿಯಲ್ಲಿ ಕೆಳಗೆ ಅಡ್ಡಲಾಗಿರುವ ಕಾರ್ಡ್‌ನ ಪೋರ್ಟ್‌ಗಳಿಗೇ ಹೋಗಬೇಕು. ಮೇಲೆ ಯುಎಸ್‌ಬಿ ಪೋರ್ಟ್‌ಗಳ ಪಕ್ಕದಲ್ಲಿ ಕಾಣುವ ಎಚ್‌ಡಿಎಂಐ ಅಥವಾ ವಿಜಿಎ ಮದರ್‌ಬೋರ್ಡ್‌ನದು. ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಚಿತ್ರ ಮೂಡಿಸುವ ಭಾಗವಿಲ್ಲದ್ದರಿಂದ ಆ ಪೋರ್ಟ್‌ಗಳು ನಿಷ್ಕ್ರಿಯ. ಎಫ್ ಇಲ್ಲದ ಪ್ರೊಸೆಸರ್ ನಿಮ್ಮದಾಗಿದ್ದು ಮದರ್‌ಬೋರ್ಡ್‌ನಲ್ಲಿ ವಿಜಿಎ ಪೋರ್ಟೂ ಇದ್ದರೆ, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್ಸ್‌ನಲ್ಲಿ ಒಳಗಿನ ಗ್ರಾಫಿಕ್ಸನ್ನು ಚಾಲೂ ಮಾಡಿ 17 ಇಂಚಿನದನ್ನು ಅಲ್ಲಿಗೇ ಜೋಡಿಸಬಹುದು. ಆಗ ಅಡಾಪ್ಟರ್ ಕೊಳ್ಳುವ ಹಣವೂ ಉಳಿಯುತ್ತದೆ.

ಯಾವ ಪರದೆಯಲ್ಲಿ ಏನು ಮಾಡಬೇಕೆಂದು ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. 17 ಇಂಚಿನ ನಿಮ್ಮ ಪರದೆಯಲ್ಲಿ ಇಂಚಿಗೆ 96 ಪಿಕ್ಸೆಲ್, 24 ಇಂಚಿನದರಲ್ಲಿ 94, 4ಕೆಯಲ್ಲಿ 163. ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶ ಈ ವ್ಯತ್ಯಾಸ ಅರಿಯದು. 4ಕೆ ಪರದೆಯಲ್ಲಿ ಅದರ ಮೆನುಗಳು ಮಂಜಾಗಿ ಇಲ್ಲವೇ ಸಾಸಿವೆಯಷ್ಟು ಚಿಕ್ಕದಾಗಿ ಕಾಣುತ್ತವೆ. ನಾನಾಗಿದ್ದರೆ ಪುಟಕಟ್ಟುವ ಕೆಲಸವನ್ನು 24 ಇಂಚಿನದರಲ್ಲೇ ಮುಂದುವರಿಸಿ, ಕರಡು ತಿದ್ದುವುದಕ್ಕೂ ಫೋಟೊಗಳಿಗೂ 4ಕೆ ಪರದೆಯನ್ನಿಟ್ಟು, ಚೌಕ ಮಾನಿಟರ್‌ನಲ್ಲಿ ಗಿರಾಕಿ ಕಳಿಸಿದ ಹಸ್ತಪ್ರತಿಯ ಸ್ಕ್ಯಾನನ್ನು ತೆರೆದಿಡುತ್ತಿದ್ದೆ.

ಅಂಗಡಿಗೆ ಹೋದಾಗ ಹೀಗೆ ಕೇಳಿ: ‘ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್ ಗಂಡು, ಮಾನಿಟರ್ ಕಡೆ ವಿಜಿಎ ಹೆಣ್ಣು, ಆಕ್ಟಿವ್ ಅಡಾಪ್ಟರ್ ಬೇಕು.’ ಸಾಧ್ಯವಾದರೆ ಅಲ್ಲಿಯೇ ಒಂದು ವಿಜಿಎ ಮಾನಿಟರ್‌ಗೆ ಹಾಕಿಸಿ ನೋಡಿ ತನ್ನಿ. 4ಕೆ ಮಾನಿಟರ್‌ನಿಂದ ಬಿಚ್ಚಿದ ಡಿಸ್‌ಪ್ಲೇಪೋರ್ಟ್–ಎಚ್‌ಡಿಎಂಐ ಅಡಾಪ್ಟರನ್ನು ಎಸೆಯಬೇಡಿ. ಗಿರಾಕಿಗಳಿಗೆ ವಿನ್ಯಾಸ ತೋರಿಸಲು 1920×1080ರ ಟಿವಿಯೊಂದನ್ನು ಜೋಡಿಸುವ ದಿನ ಬಂದರೆ, ಖಾಲಿ ಉಳಿದ ಆ ಮೂರನೆಯ ಡಿಸ್‌ಪ್ಲೇಪೋರ್ಟ್‌ಗೆ ಅದು ಸರಿಹೋಗುತ್ತದೆ, 148.5 ಮೆಗಾಹರ್ಟ್ಸ್ ಅದಕ್ಕೆ ಭಾರವಲ್ಲ.